ದಾರದ ಅಕ್ಷತೆ

ಪುಟ್ಟೀ, ಗುಂಡಾ,

ನಿಮ್ಮ ಕಪಾಟಿನ ಮೇಲಿನ ಅರೆಯಲ್ಲಿ ಹಳೇ ಬಿಸ್ಕತ್ ಡಬ್ಬಿ ಇದೆಯಲ್ಲ, ನಾನು ಹೊಲಿದುಕೊಟ್ಟ ಹುಟ್ಟುಹಬ್ಬದ ಕಾರ್ಡುಗಳನ್ನೆಲ್ಲ ನೀವು ತುಂಬಿಟ್ಟಿರುವುದು, ಆ ಕಾರ್ಡುಗಳ ವಿಷಯ ಬರೆಯಲು ಕೂತಿದ್ದೇನೆ. ಬಾಯಲ್ಲೇ ಹೇಳಬಹುದಿತ್ತು. ಆದರೆ ನಿಮಗೆ ಗೊತ್ತೇ ಇದೆ, ನಿಮ್ಮಪ್ಪ ಫೋನ್ ಹಿಡಿದು "ಅಮ್ಮಾ, ವಿಡಿಯೋ, ಏನಾದ್ರೂ ಹೇಳು" ಎಂದರೆ ನನ್ನ ಸೆರಗು ಬಾಯಿಗೆ ಹೋಗುತ್ತದೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ.

ನಾನು ಓದಿದ್ದು ಹುಣಸಮಾರನಹಳ್ಳಿಯ ಶಾಲೆಯಲ್ಲಿ. ಈಗ ಏರ್‌ಪೋರ್ಟ್ ರಸ್ತೆಯಲ್ಲಿ ಹೋಗುವಾಗ ನಮ್ಮೂರು ಬಂದಿದ್ದೂ ತಿಳಿಯುವುದಿಲ್ಲ, ಹೋಗಿದ್ದೂ ತಿಳಿಯುವುದಿಲ್ಲ. ಆಗ ಅಲ್ಲಿ ಹೊಲಿಗೆ ಹೇಳಿಕೊಡುವ ಟೀಚರ್ ಒಬ್ಬರಿದ್ದರು. ಬಟ್ಟೆ ತರಲಾಗದ ನಮ್ಮಂಥವರಿಗೆ ಗೋಣಿಚೀಲದ ತುಂಡಿನ ಮೇಲೆ ಕ್ರಾಸ್ ಸ್ಟಿಚ್ ಕಲಿಸಿದರು. ಗೋಣಿಯ ಎಳೆಗಳಲ್ಲಿ ಚೌಕಗಳು ತಾವಾಗಿಯೇ ಇರುತ್ತವೆ. ಮೊದಲು ಸಾಲಿನುದ್ದಕ್ಕೂ ಒಂದೇ ಕಡೆಗೆ ಓರೆಯಾಗಿ ಹೊಲಿದುಕೊಂಡು ಹೋಗಬೇಕು, ತಿರುಗಿ ಬರುವಾಗ ಅದರ ಮೇಲೆ ಇನ್ನೊಂದು ಓರೆ. ಹೋಗುವಾಗ ಏನೂ ಕಾಣುವುದಿಲ್ಲ. ಬರುವಾಗ ಹೂವು ಏಳುತ್ತದೆ. ಟೀಚರ್ ಮುಂಭಾಗ ನೋಡುತ್ತಲೇ ಇರಲಿಲ್ಲ, ತಿರುಗಿಸಿ ಬೆನ್ನು ನೋಡುತ್ತಿದ್ದರು. ಗಂಟು ಕಂಡರೆ ಬಿಚ್ಚಿಸುತ್ತಿದ್ದರು.

ಮದುವೆಯಾಗಿ ಸಂಜಯನಗರಕ್ಕೆ ಬಂದ ಮೇಲೆ ಅದನ್ನೆಲ್ಲ ಮರೆತಿದ್ದೆ. ಸೂಜಿ ಹಿಡಿದರೆ ಗುಂಡಿ ಹೊಲಿಯಲು, ಸೀರೆಗೆ ಫಾಲ್ಸ್ ಹಾಕಲು ಅಷ್ಟೇ.

ನಮ್ಮ ಮನೆಯಲ್ಲಿ ಹುಟ್ಟುಹಬ್ಬವೆಂದರೆ ಸಂಜೆಯ ಕೇಕಿಗಿಂತ ಮೊದಲು ಬೆಳಗಿನ ಆರತಿ. ಎಣ್ಣೆನೀರು ಹಾಕಿ, ಮಣೆ ಮೇಲೆ ಕೂರಿಸಿ, ಅಕ್ಷತೆ ಹಾಕಿ ಆರತಿ ಎತ್ತುವುದು. ಮೊದಲ ಅಕ್ಷತೆ ನಿಮ್ಮ ತಾತನದು ಮತ್ತು ನನ್ನದು. ತಾತನದು ದೊಡ್ಡ ಮುಷ್ಟಿ, ಅಕ್ಕಿ ನಿಮ್ಮ ಕತ್ತಿನೊಳಗೆಲ್ಲ ಇಳಿದು ದಿನವಿಡೀ ಚುಚ್ಚುತ್ತಿತ್ತು.

ತಾತ ಹೋದರು. ಅವರ ವರ್ಷದ ಕಾರ್ಯ ಮುಗಿದ ಮೇಲೆ ಬಂದ ಮೊದಲ ಹುಟ್ಟುಹಬ್ಬ ಪುಟ್ಟಿಯದು. ಆ ಬೆಳಗ್ಗೆ ನಿಮ್ಮಮ್ಮ ಹಾಲ್‌ನಿಂದ ಕೂಗಿದಳು: "ಅತ್ತೆ, ಬನ್ನಿ ಆರತಿಗೆ."

"ಪಾಯಸ ತಳ ಹಿಡಿಯುತ್ತೆ ಕಣಮ್ಮ, ನೀವು ಮಾಡಿ," ಎಂದೆ.

ಪಾಯಸ ಆಗಲೇ ಆಗಿತ್ತು. ಒಲೆ ಸಣ್ಣಗೆ ಮಾಡಿ ಸುಮ್ಮನೆ ತಿರುವುತ್ತ ನಿಂತಿದ್ದೆ. ಈ ಮನೆಯಲ್ಲಿ ನನಗೆ ಯಾರೂ ಬರಬೇಡ ಎಂದಿರಲಿಲ್ಲ. ಆದರೆ ಊರಿನಲ್ಲಿ ನಮ್ಮಜ್ಜಿಯನ್ನು ನೋಡಿ ಬೆಳೆದವಳು ನಾನು. ಮನೆಯಲ್ಲಿ ಏನೇ ಶುಭಕಾರ್ಯ ಇರಲಿ, ಅಜ್ಜಿ ಹಿತ್ತಲ ಬಾಗಿಲಲ್ಲಿ ಕೂತು "ನಾನ್ ಇಲ್ಲೇ ಇರ್ತೀನಿ, ನೀವ್ ಓಗಿ ಆರತಿ ಎತ್ರಿ" ಎನ್ನುತ್ತಿದ್ದಳು. ನಮಗೆಲ್ಲ ಅದು ಗಾಳಿ ಬೆಳಕಿನಷ್ಟೇ ಸಹಜವಾಗಿತ್ತು. ಗಂಡನನ್ನು ಕಳೆದುಕೊಂಡವಳ ಕೈಯಿಂದ ಮಗುವಿಗೆ ಅಕ್ಷತೆ ಬಿದ್ದು, ಆಮೇಲೆ ಏನಾದರೂ ಆದರೆ? ಹಾಗೆ ಆಗುವುದಿಲ್ಲ ಎಂದು ಬುದ್ಧಿ ಹೇಳುತ್ತದೆ. ಕೈ ಕೇಳುವುದಿಲ್ಲ. ಎದುರು ಮನೆಯ ಆಂಟಿ ಬಂದು ನಿಮ್ಮಮ್ಮನ ಜೊತೆ ಆರತಿ ಎತ್ತಿದರು. ನಾನು ಬಾಗಿಲ ಸಂದಿಯಿಂದ ಪುಟ್ಟಿಯ ಜಡೆ ಮಾತ್ರ ನೋಡಿದೆ.

ಅವತ್ತು ಮಧ್ಯಾಹ್ನವೇ ಮೇನ್ ರೋಡಿನ ಮ್ಯಾಚಿಂಗ್ ಸೆಂಟರ್‌ಗೆ ಹೋಗಿ ಮ್ಯಾಟಿ ಬಟ್ಟೆ ಕೇಳಿದೆ. ಗೋಣಿಯ ಹಾಗೇ ಚೌಕ ಚೌಕ ಇರುವ ಹತ್ತಿ ಬಟ್ಟೆ ಅದು. ಜೊತೆಗೆ ಕೆಂಪು, ಹಸಿರು, ಹಳದಿ ದಾರದ ಲಡಿಗಳು. ಪುಟ್ಟಿಯ ಕಾರ್ಡು ಹೀಗೆ ಹುಟ್ಟುಹಬ್ಬ ಕಳೆದು ವಾರವಾದ ಮೇಲೆ ಕೈಗೆ ಬಂತು. ಕೆಂಪು ಗುಲಾಬಿ, ಹಸಿರು ಎಲೆ, ಮೇಲೆ ಉದುರಿದ ಹಾಗೆ ಹಳದಿ ಚುಕ್ಕಿಗಳು. ಆ ಹಳದಿ ಏನೆಂದು ಯಾರಿಗೂ ಹೇಳಲಿಲ್ಲ.

ರಟ್ಟಿಗಾಗಿ ನಾನು ಹೊಸದೇನೂ ಕೊಳ್ಳಲಿಲ್ಲ. ಮನೆಗೆ ಬಂದ ಮದುವೆಯ ಕರೆಯೋಲೆಗಳು ಎಷ್ಟು ಗಟ್ಟಿ! ಎದುರಿಗೆ ಕಿಟಕಿಯಂತೆ ಕತ್ತರಿಸಿ, ಹಿಂದಿನಿಂದ ಹೊಲಿದ ಬಟ್ಟೆ ಅಂಟಿಸಿದರೆ ಮುಗಿಯಿತು. ಗುಂಡನ ಕಾರ್ಡಿನಲ್ಲಿ ಮಾತ್ರ ಒಳಗಡೆಗೆ ಬಿಳಿ ಕಾಗದ ಅಂಟಿಸುವುದನ್ನು ಮರೆತೆ. ಅವನು ಆನೆಯ ಚಿತ್ರ ನೋಡಿ ಕುಣಿದು, ಬಿಚ್ಚಿ, ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದಿದ: "ತಾವು ಸಕುಟುಂಬ ಸಮೇತರಾಗಿ ಆಗಮಿಸಿ, ವಧೂವರರನ್ನು ಆಶೀರ್ವದಿಸಬೇಕಾಗಿ..."

"ಅಜ್ಜೀ, ನಂಗೆ ಮದುವೇನಾ?"

"ಹೂಂ ಕಣೋ, ಆನೆ ಜೊತೆ," ಎಂದಳು ಪುಟ್ಟಿ. ನಿಮ್ಮಪ್ಪ ನಕ್ಕು ನಕ್ಕು ಸೋಫಾದಿಂದ ಜಾರಿದ. "ಊಟಕ್ಕೆ ಯಾವ ಛತ್ರ ಅಂತ ಓದೋ, ಮಗಾ!" ಎಂದು ಕಿರುಚಿದ. ನನಗೆ ನಾಚಿಕೆಯಾಗಿ ಒಳಗೆ ಓಡಿದೆ. ಆದರೂ ಗುಂಡ ಆ ಕಾರ್ಡಿಗೆ ಬಿಳಿ ಕಾಗದ ಅಂಟಿಸಲು ಬಿಡಲಿಲ್ಲ.

ಆಮೇಲೆ ಎಲ್ಲರ ಹುಟ್ಟುಹಬ್ಬಕ್ಕೂ ಮೊದಲೇ ಹೊಲಿದಿಡತೊಡಗಿದೆ. ನಿಮ್ಮಪ್ಪನಿಗೆ ಸ್ಕೂಟರ್, ನಿಮ್ಮ ಸೋದರತ್ತೆಗೆ ವೀಣೆ. ಹಳದಿ ಲಡಿ ಮಾತ್ರ ಬೇಗ ಬೇಗ ಖಾಲಿಯಾಗುತ್ತಿತ್ತು. ಅಂಗಡಿಯವರು ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟರು: "ಏನಮ್ಮ, ಮತ್ತೆ ಹಳದಿನಾ? ಒಗ್ಗರಣೆಗೆ ಹಾಕ್ತೀರಾ ಹೆಂಗೆ?"

ಹಳದಿಯನ್ನು ನಾನು ಟೀಚರ್ ಹೇಳಿಕೊಟ್ಟ ಹಾಗೆ ಸಾಲಾಗಿ ಹೊಲಿಯುತ್ತಿರಲಿಲ್ಲ. ಅಕ್ಷತೆಗೆ ನುಚ್ಚಕ್ಕಿ ಬಳಸುವುದಿಲ್ಲ, ಮುರಿಯದ ಇಡೀ ಅಕ್ಕಿಯೇ ಆಗಬೇಕು. ಸಾಲಿನಲ್ಲಿ ಹೊಲಿದರೆ ತಿರುಗಿ ಬರುವ ತನಕ ಅಷ್ಟೂ ಅರ್ಧ ಕಾಳುಗಳೇ ಅಲ್ಲವೇ? ಅದಕ್ಕೇ ಒಂದೊಂದನ್ನೂ ಪೂರ್ತಿ ಮಾಡಿ ಮುಂದಿನದಕ್ಕೆ ಹೋಗುತ್ತಿದ್ದೆ. ಒಂದೊಂದು ಕಾಳಿಗೂ ನಿಮ್ಮ ಹೆಸರು ಹೇಳಿಕೊಂಡು. ಕುಕ್ಕರ್ ಕೂಗಿದರೂ ಏಳುತ್ತಿರಲಿಲ್ಲ. "ಅತ್ತೆ, ಹಾಕಿದ್ದು ಬೇಳೆ, ಆಗ್ತಿರೋದು ಗೊಜ್ಜು!" ಎಂದು ನಿಮ್ಮಮ್ಮ ಬೈದರೆ, "ಇದೊಂದು ಮುಗಿಸ್ತೀನಿ ತಾಳಮ್ಮ" ಎನ್ನುತ್ತಿದ್ದೆ. ಇದೊಂದು ಎಂದರೆ ಏನೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಗುಟ್ಟು ಹೊರಗೆ ಬಿದ್ದದ್ದು ನಿಮ್ಮಿಬ್ಬರ ಜಗಳದಿಂದ. ಒಂದು ಭಾನುವಾರ ಕಾರ್ಡುಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡಿದ್ದಿರಿ.

"ನಂದ್ರಲ್ಲೂ ಪಾಪ್‌ಕಾರ್ನು, ಅಪ್ಪಂದ್ರಲ್ಲೂ ಪಾಪ್‌ಕಾರ್ನು," ಎಂದ ಗುಂಡ.

"ಪಾಪ್‌ಕಾರ್ನ್ ಅಲ್ಲ ಕಣೋ ಪೆದ್ದ, ಸ್ಟಾರ್ಸು."

"ಆನೆ ಮೇಲೆ ಬೆಳಿಗ್ಗೆ ಹೊತ್ತು ಸ್ಟಾರ್ಸ್ ಇರುತ್ತಾ? ಅಜ್ಜೀ, ನೀನೇ ಹೇಳು!"

ಬಾಯಿಗೆ ಬಂದುಬಿಟ್ಟಿತು. "ಅಕ್ಷತೆ ಕಣ್ರೋ ಅದು."

ಗುಂಡ ತಲೆ ಕೆರೆದುಕೊಂಡ. "ಅದನ್ನ ತಲೆ ಮೇಲೆ ಹಾಕ್ತಾರಲ್ಲ? ಕಾರ್ಡಿಗ್ಯಾಕೆ ಹಾಕ್ದೆ?"

"ನಂಗೆಲ್ಲೋ ತಲೆ ಸಿಗುತ್ತೆ? ನಾನು ಅಡುಗೆಮನೇಲಿ ಇರ್ತೀನಲ್ಲ," ಎಂದು ನಕ್ಕೆ. ತಮಾಷೆಗೇ ಹೇಳಿದ್ದು. ನೀವೂ ನಕ್ಕಿರಿ. ಬಟ್ಟೆ ಮಡಿಸುತ್ತಿದ್ದ ನಿಮ್ಮಮ್ಮನ ಕೈ ಮಾತ್ರ ನಿಂತುಹೋಯಿತು. ಅವಳು ನನ್ನನ್ನೇ ನೋಡಿದಳು. ಆಮೇಲೆ ಮತ್ತೆ ಮಡಿಸತೊಡಗಿದಳು. ನಾನು ಎದ್ದು ಒಳಗೆ ಹೋದೆ.

ಮುಂದೆ ಬಂದದ್ದು ನಿಮ್ಮಮ್ಮನದೇ ಹುಟ್ಟುಹಬ್ಬ. ಅವಳ ಕಾರ್ಡಿಗೆ ಮಲ್ಲಿಗೆ ದಂಡೆ ಹೊಲಿದಿದ್ದೆ, ಮೇಲೆ ಎಂದಿನಂತೆ ಹಳದಿ. ಆ ಬೆಳಗ್ಗೆ ಪಾಯಸಕ್ಕೆ ಇಟ್ಟ ಹಾಲು ಕಾಯುತ್ತಿತ್ತು. ಹೊರಗೆ ಹಾಲ್‌ನಲ್ಲಿ ಸದ್ದಿಲ್ಲ. ಎದುರು ಮನೆಯ ಆಂಟಿಯ ದನಿಯೂ ಇಲ್ಲ. ಕೇಳೋಣವೆಂದು ತಿರುಗಿದರೆ ನಿಮ್ಮಮ್ಮ ಮಣೆಯನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಾಳೆ! ಹಿಂದೆ ಅಕ್ಷತೆ ಬಟ್ಟಲು ಹಿಡಿದ ಪುಟ್ಟಿ, ಅವಳ ಹಿಂದೆ ಗುಂಡ. ಫ್ರಿಜ್ಜಿಗೂ ಸಿಂಕಿಗೂ ಮಧ್ಯೆ ಇದ್ದ ಅಂಗೈಯಗಲ ಜಾಗದಲ್ಲಿ ಮಣೆ ಹಾಕಿ, ಹೊಸ ಸೀರೆ ಮುದುರಿಕೊಂಡು ಕೂತೇಬಿಟ್ಟಳು.

"ಇದೇನೇ ಇದು, ಇಲ್ಲಿ?"

"ನೀವು ಹೊರಗೆ ಬರಲ್ಲ. ಅದಕ್ಕೆ ನಾನೇ ಬಂದೆ. ಹಾಕಿ ಅತ್ತೆ."

"ಹಾಲು ಉಕ್ಕುತ್ತಮ್ಮ..."

ಅವಳು ಕೂತಲ್ಲಿಂದಲೇ ಕೈ ಚಾಚಿ ಒಲೆ ಆರಿಸಿದಳು. "ಇನ್ನು ಉಕ್ಕಲ್ಲ. ಹಾಕಿ."

"ನಿಂಗೆ ಒಳ್ಳೇದಾಗ್ಲಿ ಅಂತಲೇ ಕಣಮ್ಮ ನಾನು ದೂರ ಇರೋದು," ಎಂದೆ.

"ಮೂರು ಹೊತ್ತೂ ನಿಮ್ಮ ಕೈ ಅನ್ನ ಉಣ್ತೀವಿ. ಬೆಂದಿರೋ ಅಕ್ಕಿ ಆಗುತ್ತೆ, ಬೇಯದೆ ಇರೋ ಅಕ್ಕಿ ಆಗಲ್ವಾ ಅತ್ತೆ?"

ಅವಳು ತಲೆ ಬಗ್ಗಿಸಿ ಕೂತಿದ್ದಳು, ಎಣ್ಣೆನೀರಿನ ಒದ್ದೆ ಕೂದಲಿನಿಂದ ಇನ್ನೂ ಸೀಗೆಕಾಯಿ ವಾಸನೆ ಬರುತ್ತಿತ್ತು. ಪುಟ್ಟಿ ಬಟ್ಟಲನ್ನು ನನ್ನ ಸೊಂಟಕ್ಕೆ ಒತ್ತುತ್ತಿದ್ದಳು. ಮುಷ್ಟಿಯಲ್ಲಿ ತೆಗೆದುಕೊಂಡೆ. ಎಷ್ಟು ಕಾಲದ ಮೇಲೆ ಅರಿಶಿನದ ಅಕ್ಕಿ ಬೆರಳಿಗೆ ತಾಗಿತೋ! ಹಾಕಿದೆ. ಅರ್ಧ ಅವಳ ತಲೆಗೆ ಬಿತ್ತು, ಉಳಿದದ್ದು ಹೆಗಲಿಗೆ, ಸಿಂಕಿಗೆ.

"ಹಾಲಿಗೂ ಬಿತ್ತು! ಹಾಲಿಗೂ ಬಿತ್ತು!" ಎಂದು ಗುಂಡ ಕೂಗಿದ.

"ಬೀಳ್ಲಿ ಬಿಡೋ, ಹೆಂಗಿದ್ರೂ ಅಕ್ಕಿ ಪಾಯಸವೇ," ಎಂದಳು ನಿಮ್ಮಮ್ಮ. ತಲೆ ಎತ್ತಿದಾಗ ಅವಳ ಕಣ್ಣು ತುಂಬಿತ್ತು. ನಾನು "ಚೆನ್ನಾಗಿರು" ಎಂದೆನಂತೆ. ನನಗೆ ನೆನಪಿಲ್ಲ, ಪುಟ್ಟಿ ಹೇಳಿದ್ದು.

ಆಮೇಲೆ ಗುಂಡನ ಹುಟ್ಟುಹಬ್ಬಕ್ಕೆ ನಾನಾಗಿಯೇ ಹಾಲ್‌ಗೆ ಬಂದೆ. ಮೊದಲ ಅಕ್ಷತೆ ನಾನೇ ಹಾಕಿದೆ, ತಾತನ ಪಾಲಿನದೂ ಸೇರಿಸಿ ದೊಡ್ಡ ಮುಷ್ಟಿಯಲ್ಲಿ. ಕೈಯಿಂದಲೇ ಹಾಕಿದ ಮೇಲೆ ದಾರದ್ದು ಯಾಕೆಂದು ಆ ಸಲದ ಕಾರ್ಡಿಗೆ ಹಳದಿ ಹೊಲಿದಿರಲಿಲ್ಲ. ರೈಲು ಚೆನ್ನಾಗಿಯೇ ಬಂದಿತ್ತು. ಗುಂಡ ತಿರುಗಿಸಿ ಮುರುಗಿಸಿ ನೋಡಿ ಮುಖ ಸಣ್ಣದು ಮಾಡಿದ.

"ನಂದ್ರಲ್ಲಿ ಪಾಪ್‌ಕಾರ್ನೇ ಇಲ್ಲ."

"ತಲೆ ಮೇಲೆ ಹಾಕಿದ್ನಲ್ಲೋ."

"ಅದು ಉದುರಿಹೋಯ್ತಲ್ಲ ಅಜ್ಜಿ."

ಅಂಟಿಸಿದ್ದನ್ನು ಕಿತ್ತು, ಅಂದೇ ಕೂತು ರೈಲಿನ ಮೇಲೆ ಹಳದಿ ಕಾಳು ಹೊಲಿದುಕೊಟ್ಟೆ.

ಈಗ ಸೂಜಿಗೆ ದಾರ ಪೋಣಿಸಲು ಪುಟ್ಟಿಯನ್ನು ಕರೆಯಬೇಕು. ಇನ್ನೆಷ್ಟು ಕಾರ್ಡು ಹೊಲಿಯುತ್ತೇನೋ ಗೊತ್ತಿಲ್ಲ. ಅದಕ್ಕೇ ಈ ಹಾಳೆಗಳನ್ನೂ ಕಾರ್ಡುಗಳ ಡಬ್ಬಿಯಲ್ಲೇ ಇಡಿ. ಹುಳು ಹಿಡಿಯದ ಹಾಗೆ ಬೇವಿನೆಲೆ ಒಣಗಿಸಿ ಹಾಕಿ, ಪುಡಿಯಾದರೆ ಬದಲಾಯಿಸಿ. ಮದುವೆ ಕರೆಯೋಲೆಗೆ ಹಚ್ಚುವ ಹಾಗೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದೇನೆ. ಕಲೆಯೆಂದು ಒರೆಸಬೇಡಿ.