ಎರಡನೇ ಕಾರ್ಡ್

ನ್ಯಾಮತಿಯಲ್ಲಿ ನನ್ನದು ಮೋಟಾರ್ ರಿಪೇರಿ ಅಂಗಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಂಗಡಿಯ ಹಿಂದಿನ ಕೋಣೆಯಲ್ಲಿ ತಂಗಿ ಮದುವೆ ವಿಡಿಯೋ ಎಡಿಟ್ ಮಾಡುತ್ತಾಳೆ. ಜಗಳೂರು ಕಡೆಯ ಬಿಳಿಚೋಡಿನ ಮದುವೆ ಅವಳು ಸ್ವಂತವಾಗಿ ಹಿಡಿದ ಮೊದಲ ಆರ್ಡರ್. ಹೊನ್ನಾಳಿಯ ಇನ್ನೊಂದು ಮದುವೆಗೆಂದು ಕ್ಯಾಮೆರಾ ಖಾಲಿ ಮಾಡಿದ್ದಳು. ಬಿಳಿಚೋಡಿನದೆಲ್ಲ ಕಂಪ್ಯೂಟರಿನಲ್ಲಿ ಮಾತ್ರ ಇತ್ತು.

ಚನ್ನಗಿರಿಯ ಸ್ಟುಡಿಯೋದವರೊಬ್ಬರಿಗೆ ಬೋರ್‌ವೆಲ್ ಮೋಟಾರ್ ಸರಿಮಾಡಿ ಕೊಟ್ಟಾಗ ಅವರು ವಿಡಿಯೋ ಕೆಲಸ ಚುರುಕಾಗಿಸುವ ಹಳೆಯ ಗ್ರಾಫಿಕ್ಸ್ ಕಾರ್ಡೊಂದನ್ನು ಕೊಟ್ಟಿದ್ದರು. ಅಂಥದ್ದೇ ಒಂದು ತಂಗಿಯ ಕಂಪ್ಯೂಟರಿನಲ್ಲಿ ಆಗಲೇ ಇತ್ತು.

"ಎರಡೂ ಹಾಕಿದ್ರೆ ಕೆಲ್ಸ ಅರ್ಧ ಹೊತ್ನಾಗೆ ಮುಗೀತೈತಲ್ಲ?" ಎಂದೆ.

"ಅದೇನು ಜೋಡೆತ್ತೇನಣ್ಣ? ನಾ ಎಡಿಟ್ ಮಾಡೋ ಸಾಫ್ಟ್‌ವೇರ್ ಒಂದು ಕಾರ್ಡನ್ನೇ ಬಳಸೋದು. ಪವರ್ ಸಪ್ಲೈನೂ ಸಣ್ಣದು, ಎರಡನ್ನ ತಡಿಯಾಕೆ ಆಗಲ್ಲ. ದೊಡ್ಡದು ತರೋಗಂಟ ಮುಟ್ಟಬ್ಯಾಡ."

ಅವಳು ಹೊನ್ನಾಳಿ ಮದುವೆಗೆ ಹೋದ ದಿನ ನಾನು ಮುಟ್ಟಿದೆ. ಎರಡನೇ ಕಾರ್ಡಿಗೆ ಕರೆಂಟ್ ಕೊಡುವ ವೈರೇ ಇರಲಿಲ್ಲ. ಒಂದು ಸ್ಟಾರ್ಟರಿನಿಂದ ಎರಡು ಪಂಪ್‌ಸೆಟ್ಟಿಗೆ ಲೈನ್ ಎಳೆದು ರೂಢಿಯಾದ ಕೈ. ಮೊದಲನೆಯದರ ವೈರು ಕೆರೆದು, ಹೊಸೆದು, ಟೇಪು ಸುತ್ತಿದೆ. ಎರಡರ ಫ್ಯಾನುಗಳೂ ತಿರುಗಿದವು. ನಾನು ಹಿಗ್ಗಿದೆ. ಅವಳು ಹೇಳಿಕೊಟ್ಟಿದ್ದಂತೆ ಬಿಳಿಚೋಡಿನ ವಿಡಿಯೋ ತಯಾರಾಗಲು ಬಟನ್ ಒತ್ತಿದೆ.

ಸ್ವಲ್ಪ ಹೊತ್ತಿಗೆ ವಾಸನೆ ಬಂತು. ಕಾಯಿಲ್ ಸುಟ್ಟ ವಾಸನೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸ್ವಿಚ್ ತೆಗೆಯುವಷ್ಟರಲ್ಲಿ ಪರದೆ ಕಪ್ಪಾಯಿತು. ಟೇಪು ಬಿಚ್ಚಿದೆ, ಎರಡನೇ ಕಾರ್ಡನ್ನು ಅದರ ಡಬ್ಬಿಗೆ ಸೇರಿಸಿದೆ.

ಅವಳು ಬಂದಾಗ, "ಕರೆಂಟ್ ಒಮ್ಮೆಲೇ ಜಾಸ್ತಿ ಬಂತು ಕಣವ್ವ" ಎಂದೆ. ದಾವಣಗೆರೆಯ ರಿಪೇರಿಯವರು ವಿಡಿಯೋ ಇದ್ದ ಡಿಸ್ಕ್ ಪೂರ್ತಿ ಸುಟ್ಟಿದೆ, ಏನೂ ಸಿಗುವುದಿಲ್ಲ ಎಂದರು.

ಫೋನಿನಲ್ಲಿ ಹೇಳುವ ಮಾತಲ್ಲ ಎಂದು ತಂಗಿ ಬಿಳಿಚೋಡಿಗೇ ಹೊರಟಳು. ಬೈಕ್ ಓಡಿಸಿದವನು ನಾನು. ಮದುಮಗಳ ತಾಯಿ ಬೈಯಲಿಲ್ಲ.

"ನಮ್ಮ ಹುಡುಗಿ ಧಾರೆ ಇನ್ನೊಂದ್ಸಾರಿ ಮಾಡಾಕೆ ಬರ್ತೈತೇನವ್ವ?" ಎಂದಷ್ಟೇ ಕೇಳಿದರು.

"ತಪ್ಪು ನಂದೇ ರೀ. ಇನ್ನೊಂದು ಕಾಪಿ ಇಡ್ಬೇಕಿತ್ತು" ಎಂದು ತಂಗಿ ಅವರ ಕಾಲು ಮುಟ್ಟಿದಳು. ನಾನು ಬೈಕಿನ ಕನ್ನಡಿ ಒರೆಸುತ್ತ ನಿಂತಿದ್ದೆ.

ವಾಪಸ್ ಬರುವಾಗ ಹೊನ್ನಾಳಿಯ ಸೇತುವೆ ಹತ್ತಿರವಾದಾಗ ಹಿಂದಿನಿಂದ ಅಂದಳು:

"ಆ ಕಾರ್ಡ್ ನೀ ಹಾಕ್ದೇ ಇದ್ದಿದ್ದು ಒಳ್ಳೇದಾತಣ್ಣ. ಅದೂ ಸುಟ್ಟು ಹೋಗಿರೋದು."

ಬೈಕ್ ಪಕ್ಕಕ್ಕೆ ನಿಲ್ಲಿಸಿದೆ. ಅವಳ ಮುಖ ನೋಡಲಾಗದೆ ಹ್ಯಾಂಡಲ್ ನೋಡುತ್ತ ಎಲ್ಲ ಹೇಳಿದೆ. ಅವಳು ಇಳಿದು ಮುಂದೆ ಬಂದು ನಿಂತಳು.

"ಸುಟ್ಟಿದ್ದು ಬಿಡು. ಆಯಮ್ಮನ ಮುಂದೆ ಯಾಕೆ ಸುಮ್ನಿದ್ದಿ?"

ನಾನು ಎಂಜಿನ್ ಆರಿಸಿದೆ.

"ಬೈಕ್ ತಿರುಗ್ಸು" ಎಂದಳು. "ನಾ ಬಸ್ಸಿಗೆ ಊರಿಗೆ ಹೋಗ್ತೀನಿ. ನೀನೊಬ್ಬನೇ ಬಿಳಿಚೋಡಿಗೆ ಹೋಗಿ ಹೇಳಿ ಬಾ."

ತಿರುಗಿಸಿದೆ.