ಬಿಸಿಯಾದ ಮೇಲಿನ ಲೆಕ್ಕ

ಗಾಳಿ ಬಿಗಿಯಾದಾಗಲೆಲ್ಲ ಬೀದಿಯ ಕೊನೆಯ ಮನೆಯ ತಾರಸಿಯಿಂದ ಗುಂಯ್ ಎನ್ನುವ ಸದ್ದು ಇಳಿದು ಬರುತ್ತಿತ್ತು. ಮೂರು ರೆಕ್ಕೆಯ ಪುಟ್ಟ ಗಾಳಿಯಂತ್ರದ ಸದ್ದು. ನೆರೆಯವರು ಅದಕ್ಕೆ ಎಷ್ಟು ಒಗ್ಗಿಹೋಗಿದ್ದರೆಂದರೆ, ಸದ್ದು ನಿಂತರೆ ಸುರುಳಿ ಅಕ್ಕನಿಗೆ ಹುಷಾರಿಲ್ಲವೇನೋ ಎಂದು ಬಂದು ವಿಚಾರಿಸುತ್ತಿದ್ದರು.

ಸುರುಳಿ ಅಕ್ಕ ಆ ಮನೆಯ ಹಿರಿಮಗಳು. ತಾಮ್ರದ ತಂತಿಯನ್ನು ಸುರುಳಿ ಸುತ್ತಿ ಗಾಳಿಯಂತ್ರದೊಳಗೆ ಕರೆಂಟು ಹುಟ್ಟಿಸುವ ಜನರೇಟರಿನ ಹೊಟ್ಟೆ ತುಂಬಿಸುವುದು ಅವಳ ಕಸುಬು. ಅಪ್ಪ ಹೋದ ಮೇಲೆ ವರ್ಕ್‌ಶಾಪು ತಮ್ಮನ ಪಾಲಿಗೆ ಬಂತು, ತಂತಿ ಅವಳ ಪಾಲಿಗೆ. ಹಿಂದೆ ನೋಡಲು ಬಂದ ಗಂಡೊಬ್ಬ, ಈ ಮಸಿ ಕೆಲಸ ಬಿಡುವುದಾದರೆ ಎಂದು ಶುರುಮಾಡಿದನಂತೆ. ಅವನ ಮಾತು ಮುಗಿಯುವ ಮೊದಲೇ ಎದ್ದುಹೋಗಿ ಅರ್ಧ ಸುತ್ತಿದ ಸುರುಳಿಯ ಮುಂದೆ ಕೂತಳು. ಮಾತಿನ ನಡುವೆ ಎದ್ದುಹೋಗುವ ಚಾಳಿ ಅಂದಿನಿಂದ ಅಂಟಿಕೊಂಡಿತು ಎಂದು ತಮ್ಮ ಈಗಲೂ ಆಡಿಕೊಳ್ಳುತ್ತಾನೆ.

ವರ್ಕ್‌ಶಾಪಿನಲ್ಲಿ ಅಪ್ಪ ಹಾಕಿಕೊಟ್ಟ ರೂಢಿಯೊಂದಿತ್ತು. ಹೊಸ ಜನರೇಟರನ್ನು ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಕಬ್ಬಿಣ ಕಡೆಯುವ ಲೇತಿಗೆ ಕಟ್ಟಿ ತಿರುಗಿಸುವುದು. ಆಮೇಲೆ ಲೇತಿಗೆ ಬೇರೆ ಕೆಲಸ. ತಿರುಗಿಸಲು ಎಷ್ಟು ಬಲ ಹೋಯಿತೆಂದು ತಕ್ಕಡಿಯ ಮೇಲೆ ಒತ್ತುವ ಕಬ್ಬಿಣದ ತೋಳು ಹೇಳುತ್ತಿತ್ತು. ಹೊರಬಂದ ಕರೆಂಟು ಗೋಡೆಯ ಬಲ್ಬುಗಳಲ್ಲಿ ಉರಿಯುತ್ತಿತ್ತು. ನೂರು ಪಾಲು ಕೊಟ್ಟರೆ ಬಲ್ಬಿಗೆ ಎಂಬತ್ತು. ಮಿಕ್ಕದ್ದು ತಂತಿಯಲ್ಲಿ, ಕಬ್ಬಿಣದಲ್ಲಿ, ಬೇರಿಂಗಿನಲ್ಲಿ ಬಿಸಿಯಾಗಿ ಹೋಯಿತು ಎಂದು ಲೆಕ್ಕ. ಆ ಎಂಬತ್ತನ್ನು ಹಿತ್ತಾಳೆ ತಗಡಿನ ಮೇಲೆ ಕೆತ್ತಿ, ನೀರಿಳಿಯದ ಮುಚ್ಚಳ ಬಿಗಿದು ಕಳಿಸಿಬಿಡುವುದು.

ಒಂದು ಮಧ್ಯಾಹ್ನ ಬಟ್ಟೆ ಒಣಹಾಕಲು ತಾರಸಿಗೆ ಹೋದವಳಿಗೆ ವಾರ್ನಿಷ್ ಬೆಂದ ವಾಸನೆ ಬಡಿಯಿತು. ಬೆಳಗಿನಿಂದ ಗಾಳಿ ಬಿಟ್ಟೂಬಿಡದೆ ಬೀಸಿತ್ತು. ಯಂತ್ರ ನಿಲ್ಲಿಸಿ, ಏಣಿ ಹತ್ತಿ ಮುಚ್ಚಳದ ಮೇಲೆ ಕೈಯಿಟ್ಟಳು. ಇಟ್ಟಷ್ಟೇ ಬೇಗ ತೆಗೆದಳು. ಮೀಟರು ತಂದು ತಂತಿಗೆ ಹಿಡಿದಳು. ತಾಮ್ರ ಬಿಸಿಯಾದಷ್ಟೂ ಕರೆಂಟಿಗೆ ಅಡ್ಡ ನಿಲ್ಲುತ್ತದೆ. ಎಷ್ಟು ಅಡ್ಡ ನಿಂತಿದೆ ಎಂದು ನೋಡಿದರೆ ಒಳಗಿನ ಜ್ವರ ಎಷ್ಟೆಂದು ತಿಳಿಯುತ್ತದೆ. ಜ್ವರ ಜೋರಾಗಿತ್ತು. ಒದ್ದೆ ಬಟ್ಟೆ ಬಕೆಟ್ಟಿನಲ್ಲೇ ಉಳಿಯಿತು. ಅಪ್ಪನ ಎಂಬತ್ತು ತಣ್ಣಗೆ ನಿದ್ದೆಯಿಂದೆದ್ದ ಯಂತ್ರದ ಎಂಬತ್ತು. ದುಡಿಯುವ ಯಂತ್ರದ್ದಲ್ಲ.

ಆಗ ವರ್ಕ್‌ಶಾಪಿನಲ್ಲಿ ನರ್ಸಮ್ಮನ ಯಂತ್ರ ಸಿದ್ಧವಾಗಿತ್ತು. ಗುಡ್ಡದ ಮೇಲಿನ ಹೆರಿಗೆ ಕೋಣೆಯ ದೀಪಕ್ಕೂ ಲಸಿಕೆಯ ತಣ್ಣನೆ ಪೆಟ್ಟಿಗೆಗೂ ಸಾಕಾಗುತ್ತದೆಂದು ಆಕೆ ತಗಡನ್ನೇ ನಂಬಿದ್ದಳು. ಮುಚ್ಚಳ ಹಾಕಿ, ಬಿಸಿಯಾದ ಮೇಲೆ ಇನ್ನೊಮ್ಮೆ ಅಳೆಯೋಣ ಎಂದು ಅಕ್ಕ ಕೇಳಿಕೊಂಡಳು. ತಮ್ಮ ಸೊಪ್ಪು ಹಾಕಲಿಲ್ಲ. ಬೇರೆಯವರೆಲ್ಲ ಎಂಬತ್ತೈದು ಕೆತ್ತುವಾಗ ನಾವು ಮಾತ್ರ ಮೂಗು ಕೊಯ್ದುಕೊಳ್ಳಬೇಕೇ ಎಂದ.

“ಬಿಸಿಯಾಗದ ಯಂತ್ರ ಎಲ್ಲಿದೆ ಅಕ್ಕಾ? ನಿನ್ ತಲೆ ಬಿಸಿಯಾಗಲ್ವಾ?”

“ಆಗುತ್ತೆ. ಅದಕ್ಕೆ ನಾನು ತಣ್ಣಗಿದೀನಿ ಅಂತ ಹಣೆಗೆ ತಗಡು ಹೊಡ್ಕೊಂಡು ತಿರುಗಲ್ಲ.”

ತಮ್ಮನ ಹೆಂಡತಿ ಕಿಸಕ್ಕನೆ ನಕ್ಕು, ಗಂಡ ಕಣ್ಣು ಬಿಟ್ಟಾಗ ಸೆರಗು ಬಾಯಿಗಿಟ್ಟುಕೊಂಡಳು.

ಮರುದಿನ ಅವನು ಊಟಕ್ಕೆ ಹೋದ ಹೊತ್ತು ನೋಡಿ ಅಕ್ಕ ನರ್ಸಮ್ಮನ ಯಂತ್ರವನ್ನು ಮುಚ್ಚಳ ಸಮೇತ ಲೇತಿಗೆ ಕಟ್ಟಿದಳು. ಅವನು ಬಂದು ಕೂಗಾಡಿದ. ಅವಳು ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಳು, ಮುಟ್ಟಿ ನೋಡು ಎನ್ನುವ ಹಾಗೆ. ಬಿಸಿಲು ಬಾಗಿಲಿನಿಂದ ಎದುರು ಗೋಡೆಗೆ ಸರಿಯುವ ತನಕ ಲೇತು ತಿರುಗಿತು. ಬಲ್ಬುಗಳ ಬಿಳಿ ಬೆಳಕು ಮೆಲ್ಲಗೆ ಹಳದಿಗೆ ಇಳಿಯಿತು. ತಕ್ಕಡಿ ನೋಡಿ, ಮೀಟರು ನೋಡಿ, ಲೆಕ್ಕ ಹಾಕಿದಳು. ಎಪ್ಪತ್ತು. ತಮ್ಮ ತಾನೂ ಲೆಕ್ಕ ಹಾಕಿದ. ಅವನಿಗೂ ಎಪ್ಪತ್ತೇ ಬಂತು.

ಅವನೇ ಹೋಗಿ ಸ್ವಿಚ್ಚು ಆರಿಸಿದ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ, “ಹಾಗಾದ್ರೆ ಅಪ್ಪ ಸುಳ್ಳುಗಾರನಾ?”

“ಅಪ್ಪಂಗೆ ಗೊತ್ತಿರ್ಲಿಲ್ಲ. ನಮಗೆ ಗೊತ್ತಾಯ್ತು. ಇನ್ಮೇಲೆ ಕೆತ್ತಿದ್ರೆ ಸುಳ್ಳು.”

“ಎಂಬತ್ತೇ ಇರ್ಲಿ. ಇಲ್ಲಾಂದ್ರೆ ನಾಳೆಯಿಂದ ಈ ಬಾಗ್ಲಿಗೆ ಬರ್ಬೇಡ.”

ಅವಳು ಯಂತ್ರದಿಂದ ತಗಡು ಬಿಚ್ಚಿದಳು. ಇನ್ನೂ ಬಿಸಿಯಿತ್ತು. ಅದನ್ನು ಮಗುಚಿ, ಅಂಕಿಯ ಅಚ್ಚುಗಳನ್ನಿಟ್ಟು ಅಪ್ಪನ ಸುತ್ತಿಗೆಯಿಂದಲೇ ಎರಡು ಏಟು ಹಾಕಿದಳು: ಏಳು, ಸೊನ್ನೆ. ತಗಡನ್ನೂ ಮೀಟರನ್ನೂ ಚೀಲಕ್ಕೆ ಹಾಕಿ ಚಪ್ಪಲಿ ಮೆಟ್ಟಿದಳು. ತಮ್ಮ ಬಾಗಿಲಿಗೆ ಅಡ್ಡ ಬಂದ. ಅವಳು ಅವನ ಹೆಗಲನ್ನು ಒಂದೇ ಕೈಯಲ್ಲಿ ಸರಿಸಿ, ಗುಡ್ಡದ ದಾರಿಗೆ ಇಳಿಯುತ್ತಲೇ ಹೇಳಿದಳು:

“ಬರಲ್ಲ ಬಿಡು, ತಾರಸಿ ಮೇಲೆ ಕೂತು ಸುತ್ತುತೀನಿ. ದೀಪ ಉರಿದ್ರೆ ಪೆಟ್ಟಿಗೆ ನಡೆಯಲ್ಲ, ಪೆಟ್ಟಿಗೆ ನಡೆದ್ರೆ ದೀಪ ಮಂಕು ಅಂತ ನರ್ಸಮ್ಮಂಗೆ ಈಗ್ಲೇ ಹೇಳ್ತೀನಿ. ಆಮೇಲೂ ಆಕೆಗೆ ಬೇಕು ಅನ್ಸಿದ್ರೆ, ನೀನೇ ಹೊತ್ಕೊಂಡು ಹೋಗಿ ಆಕೆ ಮುಖ ನೋಡ್ಕೊಂಡು ಎಂಬತ್ತು ಅಂತ ಹೇಳು.”