ಹೊರ್ತಿಯ ಒಂದೇ ನಂಬರು

ಬೇರೆಯವರ ವಿಷಯದಲ್ಲಿ ಮೂಗು ತೂರಿಸುವ ಚಟ ನನಗೆ ಚಿಕ್ಕಂದಿನಿಂದಲೂ ಇದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಫೋನಿನಲ್ಲಿ ಯಾರ ಜೊತೆ ಜಗಳವಾಡುತ್ತಿದ್ದಾರೆಂದು ತಿಳಿಯುವ ತನಕ ನನಗೆ ನನ್ನ ಸ್ಟಾಪಿನಲ್ಲಿ ಇಳಿಯಲು ಮನಸ್ಸೇ ಆಗುವುದಿಲ್ಲ. ಇಂಡಿ ಪಟ್ಟಣದ ವಿಮಾ ಕಚೇರಿಗೆ ಸೇರಿದ ಮೇಲೂ ಚಟ ಬಿಡಲಿಲ್ಲ, ಮ್ಯಾನೇಜರರಿಗೂ ಅದು ಗೊತ್ತಿತ್ತು. ಹಾಗಾಗಿ ಹಳೆಯ ಸಾಫ್ಟ್‌ವೇರ್ ತೆಗೆದು ಇಆರ್‌ಪಿ ಎಂಬ ಹೊಸದನ್ನು ತರುತ್ತೇವೆಂದು ಮುಖ್ಯ ಕಚೇರಿಯವರು ಹೇಳಿದಾಗ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಶಾಖೆಗಳ ಗ್ರಾಹಕರ ವಿವರ ತಾಳೆ ನೋಡುವ ಕೆಲಸವನ್ನು ನನ್ನ ತಲೆಗೇ ಕಟ್ಟಿದರು. ಹೇಗೂ ಊರವರದೆಲ್ಲ ವಿಚಾರಿಸುತ್ತೀರಿ, ಇನ್ನು ಮೇಲೆ ಸಂಬಳ ತೆಗೆದುಕೊಂಡೇ ವಿಚಾರಿಸಿ ಎಂದರು. ನಾನು ಬೇಜಾರಾದವಳ ಹಾಗೆ ಮುಖ ಮಾಡಿ ಒಳಗೊಳಗೇ ಹಿಗ್ಗಿದೆ.

ನಮ್ಮ ಹಳೆಯ ಸಾಫ್ಟ್‌ವೇರ್ ಅಂದರೆ ಕಪ್ಪು ಪರದೆ, ಹಸಿರು ಅಕ್ಷರ. ಮೌಸ್ ಎಂಬುದಿಲ್ಲ, ಎಲ್ಲವೂ ಕೀಲಿಮಣೆಯ ಮೇಲಿನ ಸಾಲಿನ ಗುಂಡಿಗಳಲ್ಲೇ. ಅದಕ್ಕೆ ಒಬ್ಬರ ಪಾಲಿಸಿ ತೋರಿಸು ಅಂದರೆ ಆ ಒಂದನ್ನೇ ತೋರಿಸುತ್ತಿತ್ತು. ಅದರ ಪಕ್ಕದ ಪಾಲಿಸಿ ಇದೇ ಮನುಷ್ಯನ ಹೆಂಡತಿಯದೋ ಮಗನದೋ ಅದಕ್ಕೆ ತಿಳಿಯದು, ತಿಳಿಯುವ ಆಸೆಯೂ ಇರಲಿಲ್ಲ. ಹೊಸದು ಹಾಗಲ್ಲವಂತೆ. ನಾಲ್ಕು ಊರಿನದೂ ಒಂದೇ ಕಡೆ ಸೇರಿ, ಯಾರಿಗೆ ಯಾರು ಏನಾಗಬೇಕು ಎಂಬುದನ್ನು ತಾನೇ ಹುಡುಕಿ ಜೋಡಿಸುತ್ತದಂತೆ. ಇದನ್ನು ಕೇಳಿದಾಗಿನಿಂದ ನನಗೆ ಅದನ್ನು ನೋಡುವ ಆತುರ.

ಮೊದಲು ಹಳೆಯ ಕಸ ಗುಡಿಸಬೇಕಿತ್ತು. ಎಷ್ಟು ಬಗೆಯ ಕಸ! ಸಿಂದಗಿಯವರು ಮನೆ ನಂಬರಿನ ಜಾಗದಲ್ಲಿ ‘ಹಿಟ್ಟಿನ ಗಿರಣಿ ಹಿಂದ’ ಎಂದು ಬರೆದಿದ್ದರು. ಮುದ್ದೇಬಿಹಾಳದಲ್ಲಿ ಒಂದು ಇಡೀ ಓಣಿಗೆ ‘ಕೇಳಿದರ ಹೇಳ್ತಾರ’ ಎಂಬುದೇ ವಿಳಾಸ. ಬಸವನ ಬಾಗೇವಾಡಿಯಲ್ಲಿ ಉದ್ಯೋಗ ಎಂದಿರುವಲ್ಲೆಲ್ಲ ಒಕ್ಕಲುತನ. ಸಾಲಿ ಮಾಸ್ತರರದೂ ಅದೇ, ಬಸ್ ಕಂಡಕ್ಟರರದೂ ಅದೇ. ಹೊಸ ಸಾಫ್ಟ್‌ವೇರಿನ ಕಡೆಯಿಂದ ಬಂದ ಎಂಜಿನಿಯರ್ ಹುಬ್ಬಳ್ಳಿಯವರು, ಬಹಳ ತಾಳ್ಮೆಯ ಮನುಷ್ಯ. ನಗದೆ ಒಂದೊಂದನ್ನೂ ತಿದ್ದುತ್ತಿದ್ದರು. ನಾನು ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಒಂದು ಮಧ್ಯಾಹ್ನ ಅವರು ನನ್ನನ್ನು ಕರೆದು ಪರದೆ ತೋರಿಸಿದರು. ಅದರ ತುಂಬ ನಮ್ಮ ಇಂಡಿ ಕಡೆಯ ಹೊರ್ತಿ ಎಂಬ ಊರಿನ ಹೆಂಗಸರ ಪಾಲಿಸಿಗಳು. ಬೇರೆ ಬೇರೆ ಹೆಸರು, ಬೇರೆ ಬೇರೆ ಮನೆತನ. ಫೋನ್ ನಂಬರು ಮಾತ್ರ ಎಲ್ಲರದೂ ಒಂದೇ. ಇದು ಏಜೆಂಟನ ಕೈಚಳಕ ಇರಬೇಕು, ಇಲ್ಲದ ಹೆಸರುಗಳಲ್ಲಿ ಪಾಲಿಸಿ ಮಾಡಿಸಿರಬಹುದು ಎಂದರು. ಒಬ್ಬ ಗ್ರಾಹಕರಿಗೆ ಒಂದು ನಂಬರು ಎಂಬುದು ಹೊಸದರ ನಿಯಮ. ಇವರೆಲ್ಲ ತಮ್ಮ ತಮ್ಮ ನಂಬರು ಕೊಡುವವರೆಗೆ ಇಷ್ಟೂ ಪಾಲಿಸಿಗಳನ್ನು ತಡೆಹಿಡಿಯಬೇಕಾಗುತ್ತದೆ ಎಂದರು. ನನಗೆ ನಿಯಮ ಗಿಯಮ ಯಾವುದೂ ತಲೆಗೆ ಹೋಗಲಿಲ್ಲ. ಈ ನಂಬರು ಯಾರದು ಎಂಬುದೊಂದೇ ಕೊರೆಯತೊಡಗಿತು. ಅವರ ಎದುರಿಗೇ ಫೋನ್ ಹಚ್ಚಿದೆ.

ಹೆಂಗಸಿನ ದನಿ. ಹಿಂದೆ ಹೊಲಿಗೆ ಯಂತ್ರದ ಸದ್ದು. ಈ ನಂಬರು ಯಾರದು ಎಂದು ಕೇಳಿದೆ.

“ನಂಬರ್ ನಂದ ಐತ್ರಿ. ನಿಮಗ ಯಾರ ಬೇಕಾಗ್ಯಾರ, ಹೆಸರ ಹೇಳ್ರಿ. ಹೇಳಿ ಕಳಸ್ತೇನಿ.”

ಮೋಸ ಮಾಡುವವರು ಇಷ್ಟು ನಿರಾಳವಾಗಿ ಮಾತಾಡುವುದಿಲ್ಲ ಎಂದು ನನಗೆ ಆಗಲೇ ಅನಿಸಿತು. ಮಾರನೆಯ ದಿನ ಹೊರ್ತಿಯ ಬಸ್ಸು ಹತ್ತಿದೆ.

ಅವಳು ಕುಬಸ, ಅಂದರೆ ರವಿಕೆ, ಹೊಲಿಯುವವಳು. ರಸ್ತೆ ಬದಿಯ ಒಂದೇ ಕೋಣೆಯ ಅಂಗಡಿ, ಗೋಡೆಯ ಮೊಳೆಗೆ ನೇತುಹಾಕಿದ ಬಟ್ಟೆಯ ಚೀಲದಲ್ಲಿ ಫೋನು. ಕೂರಲು ಜಾಗ ಮಾಡಿಕೊಟ್ಟು, ಚಹಾ ತರಿಸಿ, ಏನನ್ನೂ ಮುಚ್ಚಿಡದೆ ಹೇಳಿದಳು. ಹಿಂದೆ ಏಜೆಂಟರು ಪಾಲಿಸಿ ಮಾಡಿಸಲು ಬಂದಾಗ ಫೋನ್ ನಂಬರು ಕೇಳಿದ್ದರಂತೆ. ಆಗ ಈ ಹೆಂಗಸರಲ್ಲಿ ಯಾರ ಬಳಿಯೂ ಫೋನಿರಲಿಲ್ಲ, ಪಕ್ಕದಲ್ಲಿ ಕೂತಿದ್ದ ಇವಳು ತನ್ನದನ್ನು ಕೊಟ್ಟಳು. ಈಗ ಎಲ್ಲರ ಮನೆಯಲ್ಲೂ ಫೋನಿದೆ. ಆದರೆ ಅದು ಗಂಡನ ಜೇಬಿನಲ್ಲೋ ಮಗನ ಕೈಯಲ್ಲೋ ಇರುತ್ತದೆ. ಬಂದ ಸಂದೇಶವನ್ನು ಮನೆಮಂದಿಯೆಲ್ಲ ಓದುತ್ತಾರೆ. ಹೈನು ಮಾರಿ, ಲಿಂಬೆ ತೋಟದ ಕೂಲಿಗೆ ಹೋಗಿ ಉಳಿಸಿದ್ದು ಮನೆಗೆ ಗೊತ್ತಾದರೆ ಉಳಿಯುವುದಿಲ್ಲ. ಹಾಗಾಗಿ ನಂಬರು ಇಲ್ಲೇ ಉಳಿಯಿತು. ಕಂತಿನ ನೆನಪೋಲೆ ಬಂದರೆ, ಅಳತೆ ಕೊಡಲು ಬಂದವಳಿಗೆ ಇವಳು ಓದಿ ಹೇಳುತ್ತಾಳೆ. ಯಾರದನ್ನೂ ಇನ್ನೊಬ್ಬರ ಎದುರಿಗೆ ಓದುವುದಿಲ್ಲ.

ನಾವು ಮಾತಾಡುತ್ತಿರುವಾಗಲೇ ತೋಳು ಸಣ್ಣ ಮಾಡಿಸಲು ಒಬ್ಬಳು ಬಂದಳು. ಪಟ್ಟಿಯಲ್ಲಿ ಅವಳ ಹೆಸರೂ ಇತ್ತು. ನಾನು ಯಾರೆಂದು ತಿಳಿದ ಕೂಡಲೇ ಅವಳ ಮುಖ ಇಳಿದುಹೋಯಿತು.

“ಅಕ್ಕಾರ, ಮಗಳು ವಿಜಾಪುರದಾಗ ಹನ್ನೆರಡನೇತ್ತೆ ಓದಾಕತ್ಯಾಳ. ನರ್ಸಿಂಗ್ ಕಲೀತೇನಿ ಅಂತಾಳ. ಈ ಬ್ಯಾಸಿಗ್ಯಾಗ ನಂದು ಪಾಲಿಸಿ ಮುಗೀತೈತಿ, ಅದು ಅಕಿ ಕಾಲೇಜಿಗೆ ಐತಿ. ಮನ್ಯಾಗ ಗೊತ್ತಾದ್ರ ಅದು ಟ್ರ್ಯಾಕ್ಟರ್ ಆಗತೈತಿ.”

ಗಂಡ ಕೆಟ್ಟವನಲ್ಲವಂತೆ. ಅಣ್ಣತಮ್ಮಂದಿರ ಮಾತಿಗೆ ಇಲ್ಲ ಅನ್ನಲು ಅವನಿಗೆ ಬಾಯಿ ಬರುವುದಿಲ್ಲ, ಅವರೋ ಎರಡು ವರ್ಷದಿಂದ ಟ್ರ್ಯಾಕ್ಟರಿನ ಜಪ ಮಾಡುತ್ತಿದ್ದಾರೆ. ಅವಳು ಇದನ್ನು ಹೇಳುವಾಗ ಗಂಡನ ಮೇಲೆ ಸಿಟ್ಟಿಗಿಂತ ಕನಿಕರವೇ ಹೆಚ್ಚು ಕಂಡಿತು. ನನಗೆ ಮಾತ್ರ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು.

ಇಂಡಿಗೆ ಮರಳಿ ಎಂಜಿನಿಯರರಿಗೆ ಎಲ್ಲವನ್ನೂ ಹೇಳಿದೆ. ಅವರು ವಾದ ಮಾಡಲಿಲ್ಲ, ಪರದೆಯಲ್ಲಿ ಏನೋ ಹುಡುಕಿದರು. ಪಾಲಿಸಿದಾರರು ಒಪ್ಪಿ ಹೆಬ್ಬೆರಳು ಒತ್ತಿದರೆ ಬೇರೊಬ್ಬರನ್ನು ಸಂಪರ್ಕದ ವ್ಯಕ್ತಿ ಎಂದು ಸೇರಿಸುವ ಅವಕಾಶ ಹೊಸದರಲ್ಲಿ ಇದೆಯೆಂದೂ, ಅದನ್ನು ಯಾರೂ ಬಳಸುವುದಿಲ್ಲವೆಂದೂ ಹೇಳಿದರು. ಹೆಬ್ಬೆಟ್ಟಿನ ಯಂತ್ರ ಹಿಡಿದು ಇಬ್ಬರೂ ಹೊರ್ತಿಗೆ ಹೋದೆವು. ಕುಬಸದ ಅಳತೆಯ ನೆಪದಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಬಂದು ಬೆರಳು ಒತ್ತಿ ಹೋದರು. ಆ ದಿನ ಅಷ್ಟು ಕುಬಸ ನಿಜವಾಗಿಯೂ ಹೊಲಿದಿದ್ದರೆ ಅವಳು ಇನ್ನೊಂದು ಯಂತ್ರ ಕೊಳ್ಳಬಹುದಿತ್ತು.

ಹೊಸ ಸಾಫ್ಟ್‌ವೇರ್ ಶುರುವಾಗುವ ಮುನ್ನ ಎಂಜಿನಿಯರರು ನಮಗೆಲ್ಲ ಅದರ ಒಂದು ಪುಟ ತೋರಿಸಿದರು. ಒಬ್ಬರ ಹೆಸರು ಒತ್ತಿದರೆ ಅವರ ಇಡೀ ಕುಟುಂಬ ಪಕ್ಕದಲ್ಲಿ ಮೂಡುತ್ತದೆ: ಹೆಂಡತಿ, ಮಕ್ಕಳು, ಯಾರ ಪಾಲಿಸಿ ಯಾವಾಗ ಮುಗಿಯುತ್ತದೆ. ಊರು, ವಿಳಾಸ, ಗಂಡನ ಹೆಸರು ಇಷ್ಟರಿಂದಲೇ ಅದು ಸಂಬಂಧ ಜೋಡಿಸಿತ್ತು. ನಾನಂತೂ ಕಣ್ಣು ಬಿಟ್ಟುಕೊಂಡು ನೋಡಿದೆ. ನನಗಿಂತ ಹೆಚ್ಚು ಮೂಗು ತೂರಿಸುವವರು ಕಚೇರಿಗೆ ಬಂದರಲ್ಲ ಎಂದು ಖುಷಿಯೂ ಆಯಿತು. ಹೊರ್ತಿಯ ನಂಬರನ್ನು ಕಾಪಾಡಲು ಅಷ್ಟು ಓಡಾಡಿದ ನಮ್ಮಿಬ್ಬರಿಗೂ ಆ ಹೊತ್ತಿನಲ್ಲಿ ಹೊರ್ತಿ ನೆನಪಾಗಲಿಲ್ಲ.

ಹೊಸದು ಶುರುವಾದ ವಾರದಲ್ಲೇ ಮಗಳ ಕಾಲೇಜಿನ ವಿಷಯ ಹೇಳಿದ್ದ ಆ ಹೊರ್ತಿಯ ಹೆಂಗಸಿನ ಗಂಡ ತನ್ನ ಪಾಲಿಸಿಯ ಕಂತು ಕಟ್ಟಲು ಇಂಡಿಗೆ ಬಂದ. ಕೌಂಟರಿನಲ್ಲಿದ್ದ ನಮ್ಮ ಸಹೋದ್ಯೋಗಿ ಬಹಳ ಉಪಚಾರದ ಮನುಷ್ಯ. ಬಂದವರಿಗೆ ಮೊದಲು ಬೋರ್‌ವೆಲ್ಲಿನ ನೀರು, ಮಳೆಯ ಸುದ್ದಿ ಕೇಳದೆ ರಸೀದಿ ಕೊಟ್ಟವರಲ್ಲ. ನಮ್ಮ ಕಡೆ ಮನೆಮಂದಿಯ ಬಗ್ಗೆ ವಿಚಾರಿಸದಿದ್ದರೆ ಅದು ಸೊಕ್ಕು ಎನಿಸಿಕೊಳ್ಳುತ್ತದೆ. ಅವರ ಎದುರಿಗೆ ಈಗ ಮನೆಮಂದಿಯೆಲ್ಲ ಪರದೆಯ ಮೇಲೇ ಇದ್ದರು. ನಿಮ್ಮ ಮನೆಯವರ ಪಾಲಿಸಿ ಮುಂದಿನ ತಿಂಗಳು ಮುಗಿಯುತ್ತದೆ, ಅದರ ಕಾಗದಪತ್ರವನ್ನೂ ತಂದಿದ್ದೀರೇನು ಎಂದು ಅಕ್ಕರೆಯಿಂದ ಕೇಳಿದರು.

ನನಗೆ ಆಗ ಹೊರ್ತಿ ನೆನಪಾಯಿತು. ಎದ್ದು ಕೌಂಟರಿಗೆ ಹೋದೆ. ಅವನು ಕೂಗಾಡಲಿಲ್ಲ. ಎತ್ತರದ, ಮೆತ್ತಗೆ ಮಾತಾಡುವ ಮನುಷ್ಯ. ಯಾವ ಪಾಲಿಸಿ, ಎಷ್ಟು ಬರುತ್ತದೆ, ತೋರಿಸಿ ಎಂದ. ಹೆಸರು, ಮುಗಿಯುವ ತಿಂಗಳು ಬಿಟ್ಟರೆ ಉಳಿದದ್ದನ್ನು ಪಾಲಿಸಿದಾರರ ನಂಬರಿಗೆ ಹೋಗುವ ಓಟಿಪಿ ಇಲ್ಲದೆ ಯಂತ್ರ ತೆರೆಯುವುದಿಲ್ಲ ಎಂದೆ. ಅದು ನಿಜವೇ ಆಗಿತ್ತು. ಹಾಗಾದರೆ ಕಳಿಸಿ ಎಂದು ತನ್ನ ಫೋನು ತೆಗೆದು ಕೈಯಲ್ಲಿ ಹಿಡಿದುಕೊಂಡ.

ನಾನು ಗುಂಡಿ ಒತ್ತಿದೆ. ಅದು ಎಲ್ಲಿಗೆ ಹೋಗುತ್ತದೆಂದು ಗೊತ್ತಿದ್ದೇ ಒತ್ತಿದೆ. ಅವನು ಫೋನು ನೋಡುತ್ತ ನಿಂತ. ಅಷ್ಟರಲ್ಲಿ ನನ್ನ ಫೋನು ಬಡಿಯಿತು. ಹೊರಗೆ ಹೋಗಿ ಎತ್ತಿದೆ. ಹೊರ್ತಿಯಿಂದ ಕುಬಸ ಹೊಲಿಯುವವಳು. ತೋಳು ಸಣ್ಣ ಮಾಡಿಸಿದವಳ ಹೆಸರಿನಲ್ಲಿ, ಯಾರಿಗೂ ಹೇಳಬೇಡಿ ಎಂದು ಬರೆದ ನಂಬರೊಂದು ಬಂದಿದೆ, ಏನು ಮಾಡಲಿ ಎಂದಳು. ಅವಳ ಗಂಡ ಇಲ್ಲಿಗೆ ಬಂದಿದ್ದಾನೆ, ಅಷ್ಟನ್ನೇ ಅವಳಿಗೆ ಹೇಳು, ಮುಂದಿನದು ಅವಳಿಗೆ ಬಿಟ್ಟದ್ದು ಎಂದೆ.

ಅವನು ಬೆಂಚಿನ ಮೇಲೆ ಕೂತ. ಚಹಾ ಕೊಡಿಸಿದೆ, ಕುಡಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಇದು ನಿಮಗೆ ಮೊದಲೇ ಗೊತ್ತಿತ್ತೇನು ಎಂದು ಕೇಳಿದ. ಬಾಯಿಗೆ ಬೀಗವೇ ಇಲ್ಲದ ನಾನು ಅಂದು ಚಹಾದ ಲೋಟವನ್ನು ಅವನ ಕಡೆ ಸರಿಸಿದೆ. ಅವಳು ಬಾರದಿದ್ದರೆ ಇವನು ಮನೆಗೆ ಹೋಗಿ ಏನು ಮಾಡುತ್ತಾನೋ, ಅಣ್ಣತಮ್ಮಂದಿರ ಕಿವಿಗೆ ಬಿದ್ದರೆ ಆ ಹುಡುಗಿಯ ಕಾಲೇಜು ಅಲ್ಲಿಗೇ ಮುಗಿಯಿತಲ್ಲ ಎಂಬ ಭಯ ನನಗೆ.

ಊಟದ ಹೊತ್ತು ಮೀರಿದ ಮೇಲೆ ಅವಳು ಬಂದಳು. ಸೆರಗು ಹೊದ್ದು, ಬಸ್ಸಿನ ಧೂಳಿನಲ್ಲೇ ನೇರ ಒಳಗೆ ಬಂದು ಅವನ ಎದುರು ನಿಂತಳು.

“ಪಾಲಿಸಿ ನಂದ ಐತ್ರಿ. ಮಗಳ ಕಾಲೇಜಿಗೆ ಇಟ್ಟೇನಿ. ನೀವು ಸಿಟ್ಟಾದ್ರೂ ಅದು ಕಾಲೇಜಿಗೇ.”

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ಅಣ್ಣತಮ್ಮರಿಗೆ ಇಲ್ಲ ಅಂತಿದ್ರೇನ್ರಿ?”

ಅವನು ತಲೆ ತಗ್ಗಿಸಿ ತನ್ನ ಚಪ್ಪಲಿಯನ್ನೇ ನೋಡುತ್ತ ಕೂತ. ಅವಳು ನನ್ನ ಕಡೆ ತಿರುಗಿ, ಇನ್ನು ಮುಚ್ಚಿಡುವುದು ಏನೂ ಉಳಿದಿಲ್ಲ, ನನ್ನ ಪಾಲಿಸಿಗೆ ಮಗಳ ನಂಬರು ಹಾಕಿರಿ, ದುಡ್ಡು ಬಂದದ್ದು ಅವಳಿಗೇ ಮೊದಲು ತಿಳಿಯಲಿ ಎಂದಳು. ಪಾಲಿಸಿದಾರಳೇ ಎದುರಿಗಿದ್ದಳು, ಅವಳ ಹೆಬ್ಬೆರಳು ಒತ್ತಿಸಿದೆ, ಪುಟ ತೆರೆಯಿತು. ನಂಬರು ಹೇಳು ಎಂದೆ. ಅವಳಿಗೆ ನಂಬರು ಬಾಯಿಗೆ ಬರುತ್ತಿರಲಿಲ್ಲ. ಮಗಳೊಡನೆ ಅವಳು ಮಾತಾಡುತ್ತಿದ್ದದ್ದೆಲ್ಲ ಗಂಡನ ಫೋನಿನಿಂದಲೇ.

ನಾವಿಬ್ಬರೂ ಅವನ ಕಡೆ ನೋಡಲಿಲ್ಲ. ನೋಡಿದರೆ ಕೇಳಿದಂತಾಗುತ್ತದೆ. ಅವನು ತಾನಾಗಿಯೇ ಎದ್ದು ಬಂದ. ಫೋನು ಕಣ್ಣಿನ ಹತ್ತಿರ ಹಿಡಿದು, ಒಂದೊಂದೇ ಅಂಕಿ ಓದಿ ಹೇಳಿದ. ನಾನು ಬರೆದುಕೊಂಡದ್ದು ಸರಿಯಿದೆಯೋ ಎಂದು ಮತ್ತೊಮ್ಮೆ ಓದಿದ.

ಹೊಸ ನಂಬರು ಖಚಿತಪಡಿಸಲು ಅದಕ್ಕೇ ಓಟಿಪಿ ಕಳಿಸುವ ಗುಂಡಿ ಒತ್ತಿ ಇನ್ನೂ ಕೈ ತೆಗೆದಿರಲಿಲ್ಲ, ಅವನ ಫೋನು ಬಡಿಯಿತು. ವಿಜಾಪುರದಿಂದ ಮಗಳು. ಇದ್ಯಾವ ಓಟಿಪಿ ಅಪ್ಪಾ, ಯಾರೋ ಮೋಸ ಮಾಡಾಕತ್ತಾರ ನೋಡು, ಯಾರಿಗೂ ಹೇಳಬ್ಯಾಡ ಎಂದು ಅವಳು ಗಾಬರಿಯಲ್ಲಿ ಹೇಳುತ್ತಿದ್ದದ್ದು ನಮಗೆಲ್ಲ ಕೇಳಿಸಿತು. ಅವನು ಹೆಂಡತಿಯ ಮುಖ ನೋಡಿದ.

“ಮೋಸ ಅಲ್ಲವ್ವಾ. ನಿಮ್ಮವ್ವಗ ಕೇಳು,” ಎಂದು ಫೋನನ್ನು ಅವಳ ಕೈಗೆ ಕೊಟ್ಟ.